ಲೈಟ್ ಬಿಲ್ ಸೊನ್ನೆ ಬರೋ ಮನೆಗೆ ಸೋಲಾರ್ ಬೇಕಾ? ಯಾದಗಿರಿ, ಶಹಾಪುರ, ಸುರಪುರದವರ ಲೆಕ್ಕ

ಯಾದಗಿರಿ: ‘ಸರ್ಕಾರದಿಂದ 78 ಸಾವಿರ ಬರ್ತದ್ರಿ, ಉಳಿದಿದ್ದು ಬ್ಯಾಂಕ್ ಕೊಡ್ತದ, ನಿಮ್ಮ ಕೈಯಿಂದ ಹೋಗೋದು ಏನಿಲ್ಲ.’ ಮನೆ ಮೇಲೆ ಸೋಲಾರ್ ಹಾಕಿಸಿಕೊಳ್ಳಿ ಎಂದು ಬಾಗಿಲಿಗೆ ಬರುವವರ ಮಾತು ಬಹುತೇಕ ಹೀಗೇ ಶುರುವಾಗುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅವರು ನಿಮ್ಮ ಲೈಟ್ ಬಿಲ್ ಕೇಳಿ ನೋಡದೆ ಮೂರು ಕಿಲೋವ್ಯಾಟ್ ಅಂತ ಬರೆದುಕೊಂಡರೆ, ಅಲ್ಲಿಗೇ ನಿಲ್ಲಿಸಿ. ಸೋಲಾರ್ ಲಾಭವೋ ನಷ್ಟವೋ ಅನ್ನೋದು ನಮ್ಮ ಬಿಸಿಲಿನಿಂದ ತೀರ್ಮಾನ ಆಗೋದಿಲ್ಲ. ಬಿಸಿಲು ನಮ್ಮಲ್ಲಿ ಎಲ್ಲರ ಮಾಳಿಗೆ ಮೇಲೂ ಬೇಕಾದಷ್ಟು ಬೀಳುತ್ತದೆ. ತೀರ್ಮಾನ ಆಗೋದು ಬಿಲ್‌ನಿಂದ.

ಮೊದಲು ಯೋಜನೆ ಏನು ಅಂತ ನೋಡೋಣ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ ಹಾಕಿದರೂ 78 ಸಾವಿರ ರೂಪಾಯಿ ಸಹಾಯಧನ. ಐದು ಕಿಲೋವ್ಯಾಟ್ ಹಾಕಿದವರಿಗೂ ಅಷ್ಟೇ. ಯೋಜನೆಯ ಅವಧಿ 2026-27ನೇ ಹಣಕಾಸು ವರ್ಷದ ತನಕ. ಸಹಾಯಧನ ಮನೆಗಳಿಗೆ ಮಾತ್ರ, ಅಂಗಡಿಗಳಿಗೆ ಇಲ್ಲ. ಈ ಒಂದು ಮಾತನ್ನು ಮಾರುವವರು ಕೊನೆಯಲ್ಲಿ, ಅದೂ ಮೆಲ್ಲಗೆ ಹೇಳುತ್ತಾರೆ.

ಖರ್ಚು ಎಷ್ಟು? ಕಂಪನಿ, ಕಂಬಿಯ ಎತ್ತರ, ವೈರಿನ ಉದ್ದ ನೋಡಿಕೊಂಡು ದರ ಹೆಚ್ಚು ಕಡಿಮೆ ಆಗುತ್ತದೆ. ಅಂದಾಜಿಗೆ ಒಂದು ಕಿಲೋವ್ಯಾಟ್‌ಗೆ 70 ಸಾವಿರ, ಎರಡಕ್ಕೆ 1.30 ಲಕ್ಷ, ಮೂರಕ್ಕೆ 1.90 ಲಕ್ಷ ಅಂತ ಇಟ್ಟುಕೊಳ್ಳಿ. ಸಹಾಯಧನ ಕಳೆದರೆ ಕ್ರಮವಾಗಿ 40 ಸಾವಿರ, 70 ಸಾವಿರ, 1.12 ಲಕ್ಷ. ಇದಕ್ಕಿಂತ ತೀರಾ ಹೆಚ್ಚು ಹೇಳಿದರೆ ಇನ್ನೊಬ್ಬರ ಹತ್ತಿರ ಕೊಟೇಶನ್ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆ ಕೊಟೇಶನ್ ಹಿಡಿದುಕೊಂಡು ಬಂದವರಿಗೆ ಇದನ್ನೂ ಕೇಳಬೇಕು.

ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ತಿಂಗಳಿಗೆ ಸುಮಾರು 120. ಮೂರು ಕಿಲೋವ್ಯಾಟ್ ಇದ್ದರೆ ತಿಂಗಳಿಗೆ 350ರ ಹತ್ತಿರ.

ಗೃಹಜ್ಯೋತಿ ಮನೆಯವರ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ಸೋಲಾರ್ ಬಗ್ಗೆ ಬರೆಯುವಾಗ ಗೃಹಜ್ಯೋತಿಯನ್ನು ಬಿಟ್ಟು ಬರೆದರೆ ಅದು ಬೇರೆ ಊರಿನ ಲೇಖನ ಆಗುತ್ತದೆ. 2023ರ ಆಗಸ್ಟ್ 5ರಂದು ಪಕ್ಕದ ಕಲಬುರಗಿಯಲ್ಲೇ ಚಾಲನೆ ಸಿಕ್ಕ ಯೋಜನೆ ಇದು. ನಿಯಮ ನಿಮಗೆ ಗೊತ್ತಿರುವುದೇ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅಷ್ಟರೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್.

ವರ್ಷಪೂರ್ತಿ ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್ ಏನನ್ನು ಉಳಿಸುತ್ತದೆ? ಏನೂ ಇಲ್ಲ. ಸೊನ್ನೆಯಲ್ಲಿ ಏನು ಕಳೆದರೂ ಸೊನ್ನೆಯೇ. ಇಂಥ ಮನೆಯವರು 70 ಸಾವಿರ, 1 ಲಕ್ಷ ಸಾಲ ಮಾಡಿ ಪ್ಯಾನೆಲ್ ಹಾಕಿದರೆ ತಿಂಗಳಿಗೆ ಇಲ್ಲದ ಕಂತನ್ನು ತಾವೇ ಕರೆದುಕೊಂಡು ಬಂದಂತೆ.

ನಮ್ಮಲ್ಲಿ ಇನ್ನೊಂದು ಥರದ ಮನೆಗಳು ಬಹಳ. ಒಂಬತ್ತು ತಿಂಗಳು 150 ಯೂನಿಟ್‌ನಲ್ಲಿ ಮುಗಿಯುತ್ತದೆ. ಏಪ್ರಿಲ್ ಬಂತೆಂದರೆ ಕೂಲರ್ ಹಗಲು ರಾತ್ರಿ ತಿರುಗುತ್ತದೆ, ಬಿಲ್ 230 ಯೂನಿಟ್ ತೋರಿಸುತ್ತದೆ, ಪೂರ್ತಿ ದುಡ್ಡು ಕಟ್ಟುವ ಪ್ರಸಂಗ. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ, ಮೇಲೆ ನಿಗದಿತ ಶುಲ್ಕ. ಒಂದು ತಿಂಗಳಿಗೆ 1,800ರ ಹತ್ತಿರ. ಮೂರು ತಿಂಗಳಿಗೆ 5,400. ಈ 5,400 ಉಳಿಸಲು 70 ಸಾವಿರ ಹಾಕಿದರೆ ಅಸಲು ಬರಲು ಹದಿಮೂರು ವರ್ಷ. ಅಷ್ಟರೊಳಗೆ ಇನ್ವರ್ಟರ್ ಒಂದು ಸಲ ಬದಲಿಸುವ ಕಾಲ ಬಂದಿರುತ್ತದೆ.

ಈ ಮನೆಗಳಿಗೆ ಸೋಲಾರ್‌ಗಿಂತ ಅಗ್ಗದ ದಾರಿ ಇದೆ. ಹಳೆ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಫ್ಯಾನ್ 30-35 ವ್ಯಾಟ್. ದಿನಕ್ಕೆ 12 ತಾಸು ತಿರುಗುವ ಎರಡು ಫ್ಯಾನ್ ಬದಲಿಸಿದರೆ ತಿಂಗಳಿಗೆ 28-30 ಯೂನಿಟ್ ಕಡಿಮೆ. 230 ಬರುವ ಮನೆ 200ಕ್ಕೆ ಇಳಿಯುತ್ತದೆ, ಪೂರ್ತಿ ಬಿಲ್ ಹೋಗಿ ಹೆಚ್ಚುವರಿ ಯೂನಿಟ್‌ಗಳ ಬಿಲ್ ಮಾತ್ರ ಉಳಿಯುತ್ತದೆ. ಎರಡು ಫ್ಯಾನಿಗೆ ಆರು ಸಾವಿರ. ಈ ಕೆಲಸಕ್ಕೆ ಯಾವ ಪೋರ್ಟಲ್ಲೂ ಬೇಡ.

‘ನಾಳೆ ಗ್ಯಾರಂಟಿ ನಿಂತರೆ ಏನ್ ಮಾಡೋದ್ರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ಸರಿಯಾದ ಪ್ರಶ್ನೆ ಕೂಡ. ಸೂರ್ಯಘರ್ ಸಹಾಯಧನಕ್ಕೆ ಗಡುವು ಇದೆ, ಗೃಹಜ್ಯೋತಿ ಎಲ್ಲಿಯವರೆಗೆ ಎಂಬುದು ರಾಜಕೀಯ. ಆ ಭಯ ಇದ್ದವರು ಮೂರು ಕಿಲೋವ್ಯಾಟ್ ಕಡೆ ನೋಡಬೇಕಿಲ್ಲ. ತಿಂಗಳಿಗೆ 120 ಯೂನಿಟ್ ಸುಡುವ ಮನೆಗೆ ಒಂದು ಕಿಲೋವ್ಯಾಟ್ ಸಾಕು. ಕೈಯಿಂದ 40 ಸಾವಿರ. ಮುಂದೆ ಬಿಲ್ ಕಟ್ಟುವ ಕಾಲ ಬಂದರೆ ವರ್ಷಕ್ಕೆ ಒಂಬತ್ತು ಸಾವಿರ ಉಳಿಯುತ್ತದೆ. ಇದನ್ನು ಒಂದು ವಿಮೆ ಅಂತ ತಿಳಿದು ಹಾಕಬಹುದು, ಗಳಿಕೆ ಅಂತ ತಿಳಿದಲ್ಲ. ಅರ್ಜಿ ಹಾಕುವ ಮೊದಲು ನಿಮ್ಮ ಜೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ, ನೆಟ್ ಮೀಟರ್ ಕೂತ ಮೇಲೆ ನಿಮ್ಮ ಗೃಹಜ್ಯೋತಿ ಲೆಕ್ಕ ಹೇಗಾಗುತ್ತದೆ ಎಂದು ಆರ್‌ಆರ್ ನಂಬರ್ ಕೊಟ್ಟು ಕೇಳಿ. ಮಾರುವವರ ಬಾಯಿ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಯಾರಿಗೆ ಲಾಭ?

ತಿಂಗಳು ತಿಂಗಳೂ 250-300 ಯೂನಿಟ್ ದಾಟುವ ಮನೆಗಳಿಗೆ. ಎಸಿ ಇರುವವರು, ಎರಡು ಫ್ರಿಜ್ ಇರುವವರು, ಕೂಡು ಕುಟುಂಬದವರು, ಬೋರ್ ಮೋಟರ್ ಮನೆ ಮೀಟರ್‌ಗೇ ಇರುವವರು.

300 ಯೂನಿಟ್ ಮನೆಯ ಲೆಕ್ಕ ಹಾಕೋಣ. ಕೆಇಆರ್‌ಸಿ 2025ರ ಏಪ್ರಿಲ್‌ನಿಂದ ಜಾರಿ ಮಾಡಿದ ಮನೆ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇ 9 ತೆರಿಗೆ, ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್. ಹೆಚ್ಚು ಕಡಿಮೆ ಆರೂವರೆ ರೂಪಾಯಿ. ತಿಂಗಳಿಗೆ 1,950, ವರ್ಷಕ್ಕೆ 23 ಸಾವಿರ ಚಿಲ್ಲರೆ. ಮೂರು ಕಿಲೋವ್ಯಾಟ್‌ಗೆ ಕೈಯಿಂದ ಹೋದದ್ದು 1.12 ಲಕ್ಷ. ಐದು ವರ್ಷದೊಳಗೆ ಅಸಲು ವಾಪಸ್. ಪ್ಯಾನೆಲ್‌ಗೆ 25 ವರ್ಷದ ಉತ್ಪಾದನಾ ವಾರಂಟಿ ಇರುತ್ತದೆ. ಇದು ಒಳ್ಳೆಯ ವ್ಯವಹಾರವೇ.

ಆದರೆ ಈ ಲೆಕ್ಕದಲ್ಲಿ ಎರಡು ತೂತು ಇವೆ.

ಒಂದು, ನಿಗದಿತ ಶುಲ್ಕ. ಸೋಲಾರ್ ಹಾಕಿದರೂ ಅದು ಹೋಗುವುದಿಲ್ಲ. ಹೋಗುವುದಿರಲಿ, ಏರಬಹುದು. ನಮ್ಮ ಹಳೆ ಮನೆಗಳ ಮಂಜೂರಾದ ಲೋಡ್ ಬಿಲ್‌ನಲ್ಲಿ ನೋಡಿ, ಬಹಳ ಕಡೆ 1 ಕಿಲೋವ್ಯಾಟ್ ಅಂತ ಇರುತ್ತದೆ. ಅಲ್ಲಿ 3 ಕಿಲೋವ್ಯಾಟ್ ಸೋಲಾರ್ ಕೂರಿಸಬೇಕೆಂದರೆ ಲೋಡನ್ನೂ ಏರಿಸಬೇಕು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಎರಡು ಕಿಲೋವ್ಯಾಟ್ ಏರಿದರೆ ವರ್ಷಕ್ಕೆ ಮೂರೂವರೆ ಸಾವಿರ ಹೊಸ ಖರ್ಚು, ಅದೂ ಪ್ರತಿ ವರ್ಷ. ಐದು ವರ್ಷಕ್ಕೆ ಬರಬೇಕಾದ ಅಸಲು ಐದೂವರೆ-ಆರಕ್ಕೆ ಹೋಗುತ್ತದೆ. ಕೊಟೇಶನ್‌ನಲ್ಲಿ ಈ ಸಾಲು ಹುಡುಕಿದರೂ ಸಿಗುವುದಿಲ್ಲ.

ಎರಡನೆಯದು ಬೇಸಿಗೆ-ಚಳಿಗಾಲದ ಅಂತರ. ನೆಟ್ ಮೀಟರ್ ಅಂದರೆ ಹಗಲು ನೀವು ಬಳಸದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ನೀವು ತೆಗೆದುಕೊಂಡ ಕರೆಂಟಿನಲ್ಲಿ ಅದನ್ನು ಕಳೆಯುತ್ತಾರೆ. ಒಂದೇ ತಿಂಗಳ ಒಳಗೆ ಯೂನಿಟ್‌ಗೆ ಯೂನಿಟ್ ವಜಾ. ಆದರೆ ತಿಂಗಳ ಕೊನೆಗೆ ಉಳಿದ ಯೂನಿಟ್ ಮುಂದಿನ ತಿಂಗಳಿಗೆ ಯೂನಿಟ್ ಆಗಿ ಹೋಗುವುದಿಲ್ಲ, ದುಡ್ಡಿನ ಲೆಕ್ಕಕ್ಕೆ ಬರುತ್ತದೆ. ಸಹಾಯಧನ ಪಡೆದ ಮನೆಗೆ ಆ ದರ ನೀವು ಕಟ್ಟುವ ದರದ ಅರ್ಧಕ್ಕಿಂತಲೂ ಕಡಿಮೆ. ಡಿಸೆಂಬರ್‌ನಲ್ಲಿ ಉಳಿಸಿದ 200 ಯೂನಿಟ್ ಏಪ್ರಿಲ್‌ನ ಕೂಲರ್‌ಗೆ ಬರುವುದಿಲ್ಲ. ಹಾಗಾಗಿ ಮೇ ತಿಂಗಳ ಬಿಲ್ ತೋರಿಸಿ ಪ್ಯಾನೆಲ್ ಅಳತೆ ಮಾಡಿಸಬೇಡಿ. ಹನ್ನೆರಡು ತಿಂಗಳ ಬಿಲ್ ಮುಂದಿಟ್ಟುಕೊಂಡು, ಕಡಿಮೆ ಬರುವ ತಿಂಗಳುಗಳಿಗೆ ಹೊಂದುವಂತೆ ಹಾಕಿಸಿ. ‘ಕರೆಂಟ್ ಮಾರಿ ದುಡ್ಡು ಮಾಡ್ರಿ’ ಅನ್ನೋದು ಮನೆ ಮಟ್ಟದಲ್ಲಿ ಜಾಹೀರಾತಿನ ಮಾತು.

ಸಾಲದ ವಿಷಯ. ಮೂರು ಕಿಲೋವ್ಯಾಟ್ ತನಕ ರಾಷ್ಟ್ರೀಕೃತ ಬ್ಯಾಂಕ್‌ಗಳು ಅಡಮಾನ ಇಲ್ಲದೆ ಶೇ 6-7ರ ಬಡ್ಡಿಗೆ ಕೊಡುತ್ತವೆ. 1.12 ಲಕ್ಷವನ್ನು ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 1,660ರ ಹತ್ತಿರ, ಉಳಿಯುವ ಬಿಲ್‌ಗಿಂತ ಕಡಿಮೆಯೇ. ಆದರೆ ಸಹಾಯಧನ ಮೊದಲು ಬರುವುದಿಲ್ಲ. ಪ್ಯಾನೆಲ್ ಕೂತು, ಜೆಸ್ಕಾಂನವರು ಪರಿಶೀಲಿಸಿ, ನೆಟ್ ಮೀಟರ್ ಹಾಕಿ, ಪೋರ್ಟಲ್‌ನಲ್ಲಿ ಏರಿಸಿದ ನಂತರ ನಿಮ್ಮ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡಿನ ಭಾರ ನಿಮ್ಮದೇ. ಖಾಸಗಿ ಫೈನಾನ್ಸ್‌ನವರು ಶೇ 14ಕ್ಕೆ ಕೊಡುತ್ತೇವೆ ಅಂದರೆ ಇಡೀ ಲೆಕ್ಕ ಕೆಡುತ್ತದೆ.

ಅಂಗಡಿಯವರಿಗೆ

ಅಂಗಡಿ ಮೀಟರ್‌ಗೆ ಗೃಹಜ್ಯೋತಿಯೂ ಇಲ್ಲ, ಸೂರ್ಯಘರ್ ಸಹಾಯಧನವೂ ಇಲ್ಲ. ಆದರೂ ಸೋಲಾರ್ ಹೆಚ್ಚು ಹೊಂದುವುದು ಅಂಗಡಿಗೇ. ಕಾರಣ ಸರಳ. ವಾಣಿಜ್ಯ ದರ ತೆರಿಗೆ ಸೇರಿ ಯೂನಿಟ್‌ಗೆ 8 ರೂಪಾಯಿ ಹತ್ತಿರ ಬೀಳುತ್ತದೆ, ಮತ್ತು ಅಂಗಡಿ ಕರೆಂಟ್ ಸುಡುವುದು ಬಿಸಿಲು ಇದ್ದಾಗಲೇ. ಬಟ್ಟೆ ಅಂಗಡಿ, ಜೆರಾಕ್ಸ್, ಔಷಧ ಅಂಗಡಿ, ತಂಪು ಪಾನೀಯದ ಫ್ರಿಜ್ ಎಲ್ಲವೂ ಹಗಲಿನ ಬಳಕೆ. ಸಹಾಯಧನ ಬೇಡವೆಂದರೆ ಸೆಲ್ ಸಹಿತ ದೇಶದಲ್ಲೇ ತಯಾರಾದ ಪ್ಯಾನೆಲ್ಲೇ ಬೇಕೆಂಬ ಸೂರ್ಯಘರ್ ಷರತ್ತು ಕಾಡುವುದಿಲ್ಲ. ಹಾಗಾಗಿ ಮೂರು ಕಿಲೋವ್ಯಾಟ್ ಸ್ವಲ್ಪ ಅಗ್ಗವಾಗಿ, 1.50-1.60 ಲಕ್ಷಕ್ಕೆ ಮುಗಿಯುತ್ತದೆ. ಎಲ್ಲ ಯೂನಿಟ್ ಬಳಕೆಯಾದರೆ ತಿಂಗಳಿಗೆ 2,800 ಉಳಿತಾಯ. ಐದು ವರ್ಷದೊಳಗೆ ಅಸಲು. ಲೆಕ್ಕಪತ್ರ ಇಟ್ಟು ಆದಾಯ ತೆರಿಗೆ ಕಟ್ಟುವವರಿಗೆ ಶೇ 40 ಸವಕಳಿಯೂ ಸಿಗುತ್ತದೆ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ಅಂಗಡಿಗೆ ಈ ಅನುಕೂಲ ಇಲ್ಲ.

ತೊಡಕು ಇರುವುದು ಮಾಳಿಗೆಯಲ್ಲಿ. ಅಂಗಡಿ ಬಾಡಿಗೆಯದು, ಮಾಳಿಗೆ ಮಾಲೀಕರದು, ಮೀಟರ್ ಮಾಲೀಕರ ಅಪ್ಪನ ಹೆಸರಲ್ಲಿ. ನಗರಸಭೆ ಮಳಿಗೆಯಾದರೆ ಮೇಲೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಐದು ವರ್ಷದ ಹೂಡಿಕೆ ಮಾಡುವುದು ಧೈರ್ಯ ಅಲ್ಲ, ಜೂಜು. ಮಾಲೀಕರೇ ಹಾಕಿಸಿ ಬಾಡಿಗೆಯಲ್ಲಿ ಸೇರಿಸಿಕೊಳ್ಳುವಂತೆ ಮಾತಾಡುವುದು ಉತ್ತಮ, ಆಗ ಖಾಲಿ ಮಾಡಿದರೂ ಪ್ಯಾನೆಲ್ ಬಿಚ್ಚುವ ತಕರಾರು ಇರುವುದಿಲ್ಲ. ಹಿಟ್ಟಿನ ಗಿರಣಿ, ಖಾರ ಕುಟ್ಟುವ ಗಿರಣಿಯವರು ತಮ್ಮ ಬಿಲ್‌ನಲ್ಲಿ ದರದ ವರ್ಗ ನೋಡಿಕೊಳ್ಳಿ. ಕೈಗಾರಿಕಾ ದರ ಇದ್ದರೆ ಅದು ಅಂಗಡಿ ದರಕ್ಕಿಂತ ಕಡಿಮೆ, ಅಸಲು ಬರಲು ಅಷ್ಟೇ ತಡ.

ಕರೆಂಟ್ ಹೋದಾಗ ನಡೀತದಾ?

ಇಲ್ಲ. ಮಾಳಿಗೆ ಮೇಲೆ ಮೂರು ಕಿಲೋವ್ಯಾಟ್ ಇದ್ದು, ನೆತ್ತಿ ಸುಡುವ ಬಿಸಿಲಿದ್ದು, ಲೈನ್ ಹೋದರೆ ಮನೆಯೊಳಗೆ ಫ್ಯಾನ್ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹೊಡೆಯಬಾರದು ಎಂದು ಗ್ರಿಡ್ ಇನ್ವರ್ಟರ್ ತಾನಾಗಿಯೇ ಬಂದ್ ಆಗುತ್ತದೆ. ಸಹಾಯಧನದ ಮಾಮೂಲಿ ಸೋಲಾರ್ ಇದೇ ಬಗೆಯದು. ‘ದುರಸ್ತಿ ನಿಮಿತ್ತ ಬೆಳಿಗ್ಗೆ 10ರಿಂದ ಸಂಜೆಯವರೆಗೆ ವಿದ್ಯುತ್ ವ್ಯತ್ಯಯ’ ಎಂಬ ಪ್ರಕಟಣೆ ಬಂದ ದಿನ ನಿಮ್ಮ ಉತ್ಪಾದನೆಯೂ ಬಹುತೇಕ ಸೊನ್ನೆ.

ಬ್ಯಾಟರಿ ಸಹಿತ ಹೈಬ್ರಿಡ್ ಹಾಕಬಹುದು, ಆದರೆ ಬ್ಯಾಟರಿಗೆ ಸಹಾಯಧನ ಇಲ್ಲ, ಖರ್ಚು ಲಕ್ಷದ ಆಚೆ ಜಿಗಿಯುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಇನ್ವರ್ಟರ್-ಬ್ಯಾಟರಿಯನ್ನು ಹಾಗೇ ಇಟ್ಟುಕೊಳ್ಳಿ. ಲೈನ್ ಹೋದಾಗ ಅದು ಮೊದಲಿನಂತೆ ಕೆಲಸ ಮಾಡುತ್ತದೆ. ‘ಸೋಲಾರ್ ಬಂದ ಮೇಲೆ ಇದು ಬೇಡ’ ಎಂದು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೇಳುವವರಿಗೆ ಕೊಡಬೇಡಿ.

ನಮ್ಮ ಮಾಳಿಗೆ, ನಮ್ಮ ಧೂಳು

ಮೂರು ಕಿಲೋವ್ಯಾಟ್‌ಗೆ ನೆರಳಿಲ್ಲದ 250-300 ಚದರಡಿ ಬೇಕು. ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ ಸುಮಾರಿಗೆ. ನೀರಿನ ಟಾಕಿ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಅದೇ ಸಾಲಿನ ಉಳಿದ ಪ್ಯಾನೆಲ್‌ಗಳ ಉತ್ಪಾದನೆಗೂ ಪೆಟ್ಟು. ಪಕ್ಕದ ಮನೆಯವರು ಎರಡನೇ ಅಂತಸ್ತು ಎತ್ತುವ ವಿಚಾರದಲ್ಲಿ ಇದ್ದಾರಾ ಅಂತ ಕೇಳಿಕೊಳ್ಳಿ, ನಾಚಿಕೆ ಬೇಡ.

ಆರ್‌ಸಿಸಿ ಮಾಳಿಗೆಗೆ ತೊಂದರೆ ಇಲ್ಲ. ಹಾಸುಗಲ್ಲು ಹೊದಿಸಿದ ಹಳೆ ಮನೆ, ತಗಡಿನ ಮನೆಗಳವರು ಮೊದಲು ಇಂಜಿನಿಯರ್‌ಗೆ ತೋರಿಸಿ. ಇಲ್ಲಿ ಭಾರದ ಭಯ ದೊಡ್ಡದಲ್ಲ, ಆರು ಪ್ಯಾನೆಲ್ ಮತ್ತು ಕಂಬಿ ಸೇರಿ ಮುನ್ನೂರು ಕಿಲೋದೊಳಗೆ. ಭಯ ಇರುವುದು ಗಾಳಿಯದು. ಏಪ್ರಿಲ್-ಮೇನಲ್ಲಿ ಮಳೆಗಿಂತ ಮುಂಚೆ ಬೀಸುವ ಬಿರುಗಾಳಿ ತಗಡನ್ನೇ ಹಾರಿಸಿಕೊಂಡು ಹೋಗುವುದನ್ನು ನೋಡಿದ್ದೇವೆ. ಎತ್ತರದ ಕಂಬಿ ಹಾಕಿದರೆ ಕೆಳಗೆ ಹಪ್ಪಳ, ಮೆಣಸಿನಕಾಯಿ ಒಣಗಿಸಲು ಜಾಗ ಉಳಿಯುತ್ತದೆ ನಿಜ, ಆದರೆ ಗಾಳಿ ಹಿಡಿಯುವುದೂ ಹೆಚ್ಚು. ಕಂಬಿಯ ಬುಡದ ಕಾಂಕ್ರೀಟ್, ಅರ್ಥಿಂಗ್, ಸಿಡಿಲು ತಡೆ, ಈ ಮೂರರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಬಿಸಿಲು ಜಾಸ್ತಿ ಅಂದರೆ ಕರೆಂಟ್ ಜಾಸ್ತಿ ಎಂಬುದು ಅರ್ಧ ಸತ್ಯ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ಹೊರಗೆ 42 ಡಿಗ್ರಿ ಇದ್ದಾಗ ಪ್ಯಾನೆಲ್ ಮೈ 65 ದಾಟುತ್ತದೆ. 25ರ ಮೇಲೆ ಏರಿದ ಒಂದೊಂದು ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಮೇ ಮಧ್ಯಾಹ್ನ ಶೇ 14ರಷ್ಟು ಹೀಗೇ ಹೋಗುತ್ತದೆ. ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡಿಸಬೇಕು ಅನ್ನುವುದು ಇದಕ್ಕೇ.

ಇನ್ನು ಧೂಳು. ತೊಗರಿ ರಾಶಿ ಕಾಲ, ಹತ್ತಿ ಲಾರಿಗಳ ಕಾಲ, ರಸ್ತೆ ಬದಿಯ ಮನೆ ಅಂದರೆ ವಾರಕ್ಕೊಮ್ಮೆ ಒರೆಸಲೇಬೇಕು. ಹೊತ್ತು ಏರುವ ಮೊದಲು ಮಾಡಿ, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಬೋರ್ ನೀರು ಹಾಗೇ ಒಣಗಲು ಬಿಟ್ಟರೆ ಬಿಳಿ ಉಪ್ಪಿನ ಕಲೆ ಕೂರುತ್ತದೆ, ಮೆತ್ತನೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಾಳಿಗೆ ಹತ್ತಲು ಆಗದ ವಯಸ್ಸಾದವರೇ ಇರುವ ಮನೆಯಲ್ಲಿ ಈ ಕೆಲಸ ಯಾರದು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸೂರ್ಯಘರ್‌ನಲ್ಲಿ ಹಾಕಿದವರು ಐದು ವರ್ಷ ನಿರ್ವಹಣೆ ಮಾಡಬೇಕೆಂಬ ನಿಯಮ ಇದೆ, ಆದರೆ ಅದು ರಿಪೇರಿಗೆ. ವಾರ ವಾರ ಬಂದು ಧೂಳು ಒರೆಸುವವರು ಯಾರೂ ಇಲ್ಲ.

ಅರ್ಜಿ ಹಾಕುವ ಮುನ್ನ ಹೆಸರು ನೋಡಿ

ಕೆಲಸ ನಿಲ್ಲುವುದು ಬಹಳ ಸಲ ತಾಂತ್ರಿಕ ಕಾರಣಕ್ಕಲ್ಲ, ಹೆಸರಿಗೆ. ಆರ್‌ಆರ್ ನಂಬರ್ ತೀರಿಹೋದ ತಂದೆಯ ಹೆಸರಲ್ಲಿ, ಮನೆ ಉತಾರ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿ, ಬ್ಯಾಂಕ್ ಖಾತೆ ಮಗನ ಹೆಸರಲ್ಲಿ. ಹೀಗಿದ್ದರೆ ಸಹಾಯಧನ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೊಟ್ಟು ಜೆಸ್ಕಾಂನಲ್ಲಿ ಮೀಟರ್ ಹೆಸರು ಬದಲಿಸಿಕೊಳ್ಳಿ. ಮಾಳಿಗೆ ಜಂಟಿಯಾಗಿದ್ದರೆ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಪಾಲು ಆಗುವ ದಿನ ಪ್ಯಾನೆಲ್ ಯಾರ ಪಾಲಿಗೆ ಅನ್ನೋ ಜಗಳ ಅದರಿಂದ ತಪ್ಪುತ್ತದೆ.

ಬಳಿಕ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ನೀವೇ ನೋಂದಾಯಿಸಿ, ಒಟಿಪಿ ಬರುವ ಫೋನ್ ನಂಬರ್ ನಿಮ್ಮದೇ ಇರಲಿ. ಕೆಲಸ ಮಾಡುವವರ ಹೆಸರು ಪೋರ್ಟಲ್‌ನ ನೋಂದಾಯಿತ ಪಟ್ಟಿಯಲ್ಲಿ ಇದೆಯಾ ಎಂದು ನೋಡಿ. 10 ಕಿಲೋವ್ಯಾಟ್ ತನಕ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಇಲ್ಲದೆ ಅರ್ಜಿ ಒಪ್ಪಬೇಕೆಂದು 2024ರಲ್ಲಿ ಕೇಂದ್ರದ ನಿಯಮ ಬದಲಾಗಿದೆ. ಆದ್ದರಿಂದ ‘ಫೀಸಿಬಿಲಿಟಿ ಮಾಡಿಸಿಕೊಡ್ತೀನಿ’ ಎಂದು ದುಡ್ಡು ಕೇಳುವವರಿಗೆ ಕೊಡುವ ಅಗತ್ಯ ಇಲ್ಲ. ಹಣವನ್ನು ಕಂತಿನಲ್ಲಿ ಕೊಡಿ. ಸಾಮಾನು ಮನೆಗೆ ಬಂದಾಗ ಒಂದು ಭಾಗ, ಕೂರಿಸಿದಾಗ ಒಂದು ಭಾಗ, ಕೊನೆಯ ಹತ್ತು-ಹದಿನೈದು ಸಾವಿರ ನೆಟ್ ಮೀಟರ್ ತಿರುಗಿದ ಮೇಲೆ. ಪ್ಯಾನೆಲ್ ಹಿಂದಿನ ಸೀರಿಯಲ್ ನಂಬರ್‌ಗಳ ಫೋಟೊ ತೆಗೆದಿಟ್ಟುಕೊಂಡರೆ ವಾರಂಟಿ ಕೇಳುವ ದಿನ ಉಪಯೋಗಕ್ಕೆ ಬರುತ್ತದೆ.